ಮನೆ ಕೊಳ್ಳುವ ಮುನ್ನ ಬಚ್ಚಲು ಮನೆಯ ಲೆಕ್ಕ

ಬಂಡವಾಳ ವೆಚ್ಚ, ರಾಜಸ್ವ ವೆಚ್ಚ ಎಂಬ ಎರಡು ಮಾತುಗಳನ್ನು ವಾಣಿಜ್ಯ ವಿಭಾಗದ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಯಂತ್ರ ಕೊಂಡರೆ ಮೊದಲನೆಯದು, ಅದನ್ನು ಓಡಿಸಲು ಖರ್ಚು ಮಾಡಿದರೆ ಎರಡನೆಯದು. ಪರೀಕ್ಷೆಯಲ್ಲಿ ಎರಡು ಅಂಕ. ಈ ವರ್ಷ ನಮ್ಮ ಮನೆಯಲ್ಲಿ ಸ್ವಂತ ಮನೆ ಕೊಳ್ಳುವ ಮಾತು ಬಂದಾಗ ಈ ಪಾಠ ಬಚ್ಚಲು ಮನೆಯವರೆಗೂ ಬರುತ್ತದೆ ಎಂದು ನನಗೆ ಗೊತ್ತಾಯಿತು.

ನ್ಯಾಮತಿಯಲ್ಲಿ ನಾವು ಎರಡು ಮನೆ ನೋಡಿದೆವು. ಒಂದು ಪೇಟೆಯೊಳಗಿನ ಹಳೆಯ ಮನೆ. ಹಂಡೆ ಒಲೆ ಇದೆ, ಜೊತೆಗೆ ಬಚ್ಚಲು ಮನೆಯ ಒಳಗೋಡೆಗೆ ಒಂದು ಗ್ಯಾಸ್ ಗೀಸರ್. ಇನ್ನೊಂದು ಸವಳಂಗ ರಸ್ತೆಯ ಕಡೆ ಹೊಸದಾಗಿ ಕಟ್ಟಿದ ಮನೆ. ಅಲ್ಲಿ 15 ಲೀಟರ್‌ನ ಕರೆಂಟ್ ಗೀಸರ್. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅಬ್ಬಾ ದಾಖಲೆ ಪತ್ರ ನೋಡಿದರು, ಅಮ್ಮಿ ಅಡಿಗೆಮನೆ ನೋಡಿದರು. ನೀರು ಕಾಯಿಸಲು ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ಯಾರೂ ಕೇಳಲಿಲ್ಲ. ಅದನ್ನು ನಾನು ಲೆಕ್ಕ ಹಾಕಲು ಕುಳಿತೆ.

ಮೊದಲು ಬೇಕಾದ ಶಾಖ ಎಷ್ಟು ಎಂದು ನೋಡಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಬೇಕು. ಇದು ಎಸ್ಸೆಸ್ಸೆಲ್ಸಿಯವರೆಗೆ ಓದಿದ ವಿಜ್ಞಾನವೇ. ಐದು ಜನಕ್ಕೆ ತಲಾ 20 ಲೀಟರ್‌ನ ಒಂದು ಬಕೆಟ್ ಎಂದರೆ 100 ಲೀಟರ್. ನಲ್ಲಿ ನೀರು 25 ಡಿಗ್ರಿ, ಸ್ನಾನಕ್ಕೆ ಹಿತವಾದದ್ದು 43 ಡಿಗ್ರಿ ಎಂದಿಟ್ಟುಕೊಂಡರೆ ದಿನಕ್ಕೆ 1,800 ಕಿಲೋಕ್ಯಾಲರಿ. ಯಾವ ಮನೆ ಕೊಂಡರೂ ಈ ಸಂಖ್ಯೆ ಬದಲಾಗುವುದಿಲ್ಲ. ಅದನ್ನು ಯಾವ ಅಂಗಡಿಯಿಂದ ತರುತ್ತೇವೆ ಎಂಬುದಷ್ಟೇ ಬದಲಾಗುತ್ತದೆ.

ಒಂದು ಯೂನಿಟ್ ಕರೆಂಟ್ ಎಂದರೆ 860 ಕಿಲೋಕ್ಯಾಲರಿ. 1,800 ಕ್ಕೆ 2.1 ಯೂನಿಟ್ ಸಾಕು. ಗೀಸರ್ ಟ್ಯಾಂಕಿನಲ್ಲಿ ಸ್ವಲ್ಪ ಶಾಖ ಸೋರುವುದನ್ನು ಸೇರಿಸಿ 2.3 ಎನ್ನೋಣ. ತಿಂಗಳಿಗೆ 69 ಯೂನಿಟ್. ತೆರಿಗೆ, ಸರ್‌ಚಾರ್ಜ್ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ 483 ರೂಪಾಯಿ.

ಗ್ಯಾಸಿನ ಲೆಕ್ಕ ಸ್ವಲ್ಪ ಬೇರೆ. ಮನೆ ಬಳಕೆಯ ಸಿಲಿಂಡರಿನಲ್ಲಿ 14.2 ಕೆ.ಜಿ. ಎಲ್‌ಪಿಜಿ ಇರುತ್ತದೆ. ಇದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಒಂದು ಕೆ.ಜಿ.ಯಲ್ಲಿ ಸುಮಾರು 11,000 ಕಿಲೋಕ್ಯಾಲರಿ. ಗೀಸರ್ ಅದರಲ್ಲಿ ನೂರಕ್ಕೆ 80 ಭಾಗವನ್ನು ನೀರಿಗೆ ಕೊಡುತ್ತದೆ ಎಂದರೆ ತಿಂಗಳಿಗೆ 6.1 ಕೆ.ಜಿ. ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದರೆ ಸುಮಾರು 389 ರೂಪಾಯಿ. ಅದೇ ಗ್ಯಾಸನ್ನು ಅಡಿಗೆ ಸ್ಟೌವ್ ಮೇಲೆ ಪಾತ್ರೆ ಇಟ್ಟು ಉರಿಸಿದರೆ ಬಹಳಷ್ಟು ಬಿಸಿ ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ. 60 ಭಾಗ ಮಾತ್ರ ದಕ್ಕಿದರೆ ಖರ್ಚು 518 ರೂಪಾಯಿಗೆ ಏರುತ್ತದೆ. ಗ್ಯಾಸ್ ಅಗ್ಗವೋ ದುಬಾರಿಯೋ ಎಂಬ ಪ್ರಶ್ನೆಗೆ ಎಲ್ಲಿ ಉರಿಸುತ್ತೀರಿ ಎಂದು ಮೊದಲು ಕೇಳಬೇಕು.

ಇಲ್ಲಿಗೆ ಗ್ಯಾಸ್ ಗೆದ್ದಂತೆ ಕಾಣುತ್ತದೆ. ಆದರೆ ಸವಕಳಿ ಮರೆತೆವು. 6,000 ರೂಪಾಯಿಯ ಗ್ಯಾಸ್ ಗೀಸರ್ ಆರು ವರ್ಷ ಬಾಳುತ್ತದೆ ಎಂದುಕೊಂಡರೆ ಸ್ಥಿರ ಕಂತು ಪದ್ಧತಿಯಲ್ಲಿ ತಿಂಗಳಿಗೆ 83 ರೂಪಾಯಿ. ಕರೆಂಟ್ ಗೀಸರ್ ಎಂಟು ವರ್ಷ ಬಂದರೆ 63 ರೂಪಾಯಿ. ಈಗ 472 ಮತ್ತು 546. ಅಂತರ 74 ರೂಪಾಯಿ ಮಾತ್ರ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಎರಡರಲ್ಲೂ ಉಪ್ಪು ಕಟ್ಟುತ್ತದೆ, ಆಯುಷ್ಯ ಇನ್ನೂ ಕಡಿಮೆ. ಹಾಗಾಗಿ ಮನೆ ನೋಡಲು ಹೋದಾಗ ನಲ್ಲಿಯ ಬಾಯಿಯಲ್ಲಿ ಬಿಳಿ ಪೊರೆ ಇದೆಯೇ ಎಂದು ನೋಡಿ.

ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಗೃಹಜ್ಯೋತಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 2022–23ರಲ್ಲಿ ಆ ಮನೆ ಬಳಸಿದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಒಂದು ಅರ್ಹತೆ ನಿಗದಿಯಾಗುತ್ತದೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಮ್ಮದೇ. ಹಳೆಯ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ನ ಆಧಾರದ ಮೇಲೆ ಕೊಡುತ್ತಾರೆ.

ಲೆಕ್ಕ ಸುಲಭವಾಗಲಿ ಎಂದು ಹೊಸ ಮನೆಗೆ 60 ಯೂನಿಟ್ ಹಿಡಿಯೋಣ. ನಮ್ಮ ಬಳಕೆ ಈಗ 68. ಬಾಡಿಗೆ ಮನೆಯ ಅರ್ಹತೆ ಇದಕ್ಕಿಂತ ಹೆಚ್ಚಿರುವುದರಿಂದ ಬಿಲ್ ಸೊನ್ನೆ. ಹೊಸ ಮನೆಯಲ್ಲಿ ಗೀಸರಿನ 69 ಸೇರಿ 137 ಆಗುತ್ತದೆ. 77 ಯೂನಿಟ್‌ಗೆ 539 ರೂಪಾಯಿ ಕಟ್ಟಬೇಕು. ಈಗಿರುವ ಮನೆಯಲ್ಲೇ ಗೀಸರ್ ಹಾಕಿಸುವ ಇನ್ನೊಂದು ಕುಟುಂಬದ ಬಳಕೆಯೂ 68, ಅರ್ಹತೆ ಮಾತ್ರ 110 ಎಂದುಕೊಳ್ಳಿ. ಅವರಿಗೆ 42 ಯೂನಿಟ್ ಮಿಗುತ್ತಿತ್ತು. ಗೀಸರ್ ಬಂದ ಮೇಲೆ 27 ಯೂನಿಟ್‌ಗೆ 189 ರೂಪಾಯಿ ಕೊಟ್ಟರೆ ಮುಗಿಯಿತು. ಅದೇ ಗೀಸರ್, ಅದೇ ನೀರು. ಅವರಿಗೆ ಗ್ಯಾಸಿಗಿಂತ ಕರೆಂಟೇ ಅಗ್ಗ, ನಮಗೆ ಗ್ಯಾಸ್ ಅಗ್ಗ.

ಅರ್ಥಶಾಸ್ತ್ರದ ಸೀಮಾಂತ ವೆಚ್ಚ ಅರ್ಥವಾಗದವರು 201ನೇ ಯೂನಿಟ್ ನೋಡಬೇಕು. ಅರ್ಹತೆ 60 ಇರುವ ಮನೆ 200 ಯೂನಿಟ್ ಬಳಸಿದರೆ 140 ಯೂನಿಟ್‌ಗೆ 980 ರೂಪಾಯಿ. ಇನ್ನೊಂದೇ ಒಂದು ಯೂನಿಟ್ ಉರಿದರೆ 201ಕ್ಕೂ ಲೆಕ್ಕ, 1,407 ರೂಪಾಯಿ. ಆ ಒಂದು ಯೂನಿಟ್‌ನ ಬೆಲೆ 427 ರೂಪಾಯಿ! ಬೇಸಿಗೆಯಲ್ಲಿ ಫ್ಯಾನು, ಫ್ರಿಜ್ಜು ಓಡುವ ದೊಡ್ಡ ಕುಟುಂಬದಲ್ಲಿ ಗೀಸರ್ ಸ್ವಿಚ್ಚನ್ನು ಆರಿಸಲು ಮರೆತ ಒಂದು ಬೆಳಗ್ಗೆ ಸಾಕು. ಹಾಗಾಗಿ ಮುಂಗಡ ಕೊಡುವ ಮೊದಲು ಬೆಸ್ಕಾಂ ಕಚೇರಿಯಲ್ಲಿ ಆ ಆರ್.ಆರ್. ನಂಬರಿಗೆ ನಮ್ಮ ಹೆಸರಿನಲ್ಲಿ ಎಷ್ಟು ಅರ್ಹತೆ ಸಿಗುತ್ತದೆ ಎಂದು ಕೇಳಬೇಕು. ಹಿಂದಿನವರ ಆಧಾರ್ ಜೋಡಣೆ ತೆಗೆಸಬೇಕು. ಬಾಕಿ ಇದೆಯೇ ಎಂದೂ ನೋಡಬೇಕು. ಹಳೆಯ ಮಾಲೀಕರ ವಿದ್ಯುತ್ ಬಾಕಿಯನ್ನು ನಿಯಮಗಳ ಪ್ರಕಾರ ಹೊಸ ಮಾಲೀಕರಿಂದ ವಸೂಲಿ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಹೇಳಿದೆ.

ಗ್ಯಾಸ್ ಸಂಪರ್ಕ ಹಾಗಲ್ಲ. ಅದು ಮನೆಯ ಜೊತೆ ಬರುವುದಿಲ್ಲ, ವ್ಯಕ್ತಿಯ ಹೆಸರಿನಲ್ಲಿರುತ್ತದೆ. ಗೀಸರಿಗೆಂದು ಎರಡನೇ ಸಿಲಿಂಡರ್ ಬೇಕಾದರೆ 2,200 ರೂಪಾಯಿ ಠೇವಣಿ. ಅದು ಖರ್ಚಲ್ಲ, ವಾಪಸ್ ಬರುವ ಹಣ, ಆಸ್ತಿ ಬದಿಯಲ್ಲಿ ಬರೆಯಬೇಕಾದದ್ದು. ಅಮೆರಿಕದ ಹಳ್ಳಿಗಳ ಕಡೆ ಚಳಿಗಾಲದಲ್ಲಿ ಇಡೀ ಮನೆಯನ್ನೇ ಪ್ರೊಪೇನ್‌ನಿಂದ ಬೆಚ್ಚಗಿಡುತ್ತಾರೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ದ್ರವವಾಗಿ ಉಳಿದುಬಿಡುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಅನಿಲವಾಗುತ್ತದೆ, ಅದಕ್ಕೆ. ಅಲ್ಲಿ ಮನೆ ಕೊಳ್ಳುವವರು ಅಂಗಳದ ದೊಡ್ಡ ಟ್ಯಾಂಕ್ ಮನೆಯವರದೋ, ಗ್ಯಾಸ್ ಕಂಪನಿಯಿಂದ ಬಾಡಿಗೆಗೆ ತಂದದ್ದೋ ಎಂದು ಮೊದಲು ಕೇಳುತ್ತಾರಂತೆ. ಬಾಡಿಗೆಯದಾದರೆ ಅದೇ ಕಂಪನಿಯ ಗ್ಯಾಸನ್ನೇ ತುಂಬಿಸಬೇಕಾಗುತ್ತದೆ.

ಹಂಡೆ ಒಲೆಯ ವಿಷಯಕ್ಕೆ ಬರೋಣ. ಅಡಿಕೆ, ಮೆಕ್ಕೆಜೋಳ ಬೆಳೆಯುವ ನಮ್ಮ ಕಡೆ ತೋಟ ಇರುವವರಿಗೆ ಉರುವಲು ಪುಕ್ಕಟೆ. ಜೋಳದ ಬೆಂಡು, ಅಡಿಕೆ ಸಿಪ್ಪೆ, ತೆಂಗಿನ ಗರಿ ಎಲ್ಲವೂ ಉರಿಯುತ್ತದೆ. ಈ ಲೆಕ್ಕವನ್ನು ನಾನು ಮನೆಯಲ್ಲಿ ಓದಿ ಹೇಳುವಾಗ ಹಂಡೆಯ ಎದುರು ಸೊನ್ನೆ ಬರೆದಿದ್ದೆ. ಅಮ್ಮಿ ಕೇಳಿದ್ದು ಒಂದೇ ಮಾತು: "ಫಜರ್‌ಗೆ ಮೊದಲು ಎದ್ದು ಒಲೆ ಊದುವವರು ಯಾರು?" ಅವಕಾಶ ವೆಚ್ಚ ಎಂದು ನಾವು ಪುಸ್ತಕದಲ್ಲಿ ಓದುವುದು ಇದನ್ನೇ. ಅಮ್ಮಿ ಹೊಲಿಗೆ ಮಾಡುತ್ತಾರೆ. ಹೊಗೆಯಲ್ಲಿ ಕಳೆಯುವ ಮುಕ್ಕಾಲು ಗಂಟೆಯಲ್ಲಿ ಒಂದು ರವಿಕೆಯ ಕೆಲಸ ಅರ್ಧ ಆಗುತ್ತದೆ. ಸೊನ್ನೆಯನ್ನು ಹೊಡೆದುಹಾಕಿದೆ. ಬೇರೆ ಸಂಖ್ಯೆ ಬರೆಯಲು ನನಗೆ ಇನ್ನೂ ಆಗಿಲ್ಲ.

ದಾದಿಯ ವುಝೂ ನೀರಿನದೂ ಒಂದು ಲೆಕ್ಕ. ಚಳಿಗಾಲದ ಬೆಳಗ್ಗೆ ಅವರಿಗೆ ಬೇಕಾದದ್ದು ಒಂದು ಲೀಟರ್ ಬೆಚ್ಚನೆಯ ನೀರು. ನಬಿಯವರು ಒಂದು ಮುದ್ ನೀರಿನಲ್ಲಿ, ಅಂದರೆ ಸುಮಾರು ಮುಕ್ಕಾಲು ಲೀಟರಿನಲ್ಲಿ ವುಝೂ ಮಾಡುತ್ತಿದ್ದರು ಎಂದು ಹದೀಸ್‌ನಲ್ಲಿದೆ. ಆದರೆ ಗ್ಯಾಸ್ ಗೀಸರ್ ನೀರಿನ ಒತ್ತಡ ಇಲ್ಲದೆ ಹೊತ್ತಿಕೊಳ್ಳುವುದಿಲ್ಲ. ನಲ್ಲಿಯನ್ನು ಸಣ್ಣಗೆ ಬಿಟ್ಟರೆ ಆರಿಹೋಗುತ್ತದೆ, ಜೋರಾಗಿ ಬಿಟ್ಟರೆ ನೀರು ವ್ಯರ್ಥ. ಕರೆಂಟ್ ಗೀಸರ್ ಒಂದು ಲೀಟರಿಗೂ 15 ಲೀಟರ್ ಕಾಯಿಸುತ್ತದೆ. ಅದನ್ನು 60 ಡಿಗ್ರಿಗೆ ತರಲು ನಾಲ್ಕು ರೂಪಾಯಿಗೂ ಹೆಚ್ಚು ಕರೆಂಟ್. ಇದಕ್ಕೆ ಸ್ಟೌವ್ ಮೇಲಿನ ಸಣ್ಣ ಪಾತ್ರೆಯೇ ಸರಿ. ಸೋಲಾರ್ ಆದರೆ ಹಿಂದಿನ ದಿನದ ಬಿಸಿಲು ಟ್ಯಾಂಕಿನಲ್ಲಿ ಬೆಳಗಿನವರೆಗೂ ಉಳಿದಿರುತ್ತದೆ. ಆದರೆ 25,000 ರೂಪಾಯಿ ಹಾಕಿ ವರ್ಷದಲ್ಲಿ ಎಂಟು ತಿಂಗಳು ಗ್ಯಾಸ್ ಉಳಿಸಿದರೆ ಹಣ ಮರಳಲು ಎಂಟು ವರ್ಷ ಬೇಕು. ಬಡ್ಡಿ ಸಾಲ ಮಾಡುವುದಿಲ್ಲ ಎಂದು ಅಬ್ಬಾ ಮೊದಲೇ ಹೇಳಿದ್ದಾರೆ. ಕೂಡಿಟ್ಟ ಹಣವೆಲ್ಲ ಮನೆಗೇ ಹೋಗುವಾಗ 25,000 ತೆಗೆದಿಡುವುದು ಕಷ್ಟ.

ಕೊನೆಗೆ ಲೆಕ್ಕದಲ್ಲಿ ಸೇರದ ಒಂದು ವಿಷಯ. ಹಳೆಯ ಮನೆಯ ಗ್ಯಾಸ್ ಗೀಸರ್ ಬಚ್ಚಲು ಮನೆಯ ಒಳಗಿದೆ ಎಂದೆನಲ್ಲ, ಅಲ್ಲಿ ಇರುವುದು ಒಂದು ಚಿಕ್ಕ ಕಿಟಕಿ, ಅದಕ್ಕೂ ಚಳಿಗೆಂದು ರಟ್ಟು ಬಡಿದಿದ್ದಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ವಾಸನೆ ಬರುತ್ತದೆ, ಏಕೆಂದರೆ ಆ ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ. ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತುತ್ತದೆ, ಚಿಲಕ ತೆಗೆಯುವಷ್ಟು ಶಕ್ತಿ ಇರುವುದಿಲ್ಲ. ಗ್ಯಾಸ್ ಗೀಸರ್ ಇದ್ದ ಸ್ನಾನದ ಮನೆಯಲ್ಲಿ ಜೀವ ಹೋದ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ತಿಂಗಳಿಗೆ 74 ರೂಪಾಯಿ ಉಳಿತಾಯದ ಎದುರು ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಗೀಸರನ್ನು ಹೊರಗೋಡೆಗೆ, ಗಾಳಿ ಆಡುವ ಕಡೆ ಹಾಕಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಸಿಲಿಂಡರೂ ಹೊರಗೇ ಇರಬೇಕು.

ಅಬ್ಬಾ ಹಳೆಯ ಮನೆಯವರ ಹತ್ತಿರ ಈ ಮಾತು ಆಡಿದ್ದಾರೆ. ಗೀಸರ್ ಹಿತ್ತಲ ಗೋಡೆಗೆ ಹೋಗಬೇಕು, ಕಿಟಕಿಯ ರಟ್ಟು ತೆಗೆಯಬೇಕು, ಪ್ಲಂಬರ್ ಖರ್ಚು ಮಾರುವವರದು ಎಂದು ಷರತ್ತು. ಅವರು ಅರ್ಧ ಕೊಡುತ್ತೇವೆ ಎಂದಿದ್ದಾರೆ. ಶುಕ್ರವಾರ ಜುಮಾ ನಮಾಜ್ ಆದ ಮೇಲೆ ಮತ್ತೆ ಮಾತುಕತೆ ಇದೆ. ನನ್ನ ನೋಟ್‌ಬುಕ್ ತರಲು ಹೇಳಿದ್ದಾರೆ.