ಭಾಷಾ ಉಪವರ್ಗದ ನಿರ್ಣಯ: ಓಷಿಯಾನಿಕ್ ನಿದರ್ಶನ ಮತ್ತು ಕನ್ನಡ

ಪದಸಾಮ್ಯ ಕಂಡೊಡನೆ ಭಾಷೆಗಳನ್ನು ಒಂದೇ ಗುಂಪಿಗೆ ಸೇರಿಸುವ ರೂಢಿ ನಮ್ಮ ತರಗತಿಗಳಲ್ಲಿ ಇನ್ನೂ ಉಳಿದಿದೆ. ತುಳು, ಕೊಡವಗಳನ್ನು ಕನ್ನಡದ ಉಪಭಾಷೆಗಳೆಂದು ಕರೆಯುವುದು ಇದರ ಫಲ. ಉಪವರ್ಗವೊಂದನ್ನು ಸಾಧಿಸಲು ಎಂತಹ ಆಧಾರ ಬೇಕು ಎಂಬುದನ್ನು ಪೆಸಿಫಿಕ್ ದ್ವೀಪಗಳ ಓಷಿಯಾನಿಕ್ ಭಾಷೆಗಳ ನೆರವಿನಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಸ್ಟ್ರೋನೇಷ್ಯನ್ ಪರಿವಾರದ ಈ ಉಪವರ್ಗದಲ್ಲಿ ಸುಮಾರು 450 ಭಾಷೆಗಳಿವೆ. ಇದನ್ನು ಖಚಿತವಾಗಿ ಗುರುತಿಸಿದವರು ಜರ್ಮನ್ ವಿದ್ವಾಂಸ ಒಟ್ಟೊ ಡೆಂಪ್‌ವೋಲ್ಫ್. ಇದೇ ಪರಿವಾರದ, ಆದರೆ ಈ ಉಪವರ್ಗದ ಹೊರಗಿನ ಟಗಾಲೊಗ್ ಭಾಷೆಯಲ್ಲಿ 'ಏಳು' ಎಂಬುದಕ್ಕೆ ಪಿತೊ, 'ಕಲ್ಲು' ಎಂಬುದಕ್ಕೆ ಬತೊ. ಅಲ್ಲಿ ಪ-ಬ ಭೇದ ಉಳಿದಿದೆ. ಓಷಿಯಾನಿಕ್ ವರ್ಗದ ಫಿಜಿಯನ್‌ನಲ್ಲಿ ಅವು ವಿತು, ವತು. ಸಮೋವನ್‌ನಲ್ಲಿ ಫಿತು, ಫತು. ಇಲ್ಲಿ ಆ ಭೇದ ಅಳಿದಿದೆ. ಮೂಲದಿಂದ ಬಂದುದನ್ನು ಉಳಿಸಿಕೊಂಡಿರುವುದು ವಿಶೇಷ ಸಂಬಂಧಕ್ಕೆ ಸಾಕ್ಷಿಯಾಗದು; ಕೂಡಿ ಮಾಡಿಕೊಂಡ ಹೊಸ ಬದಲಾವಣೆಯೇ ಸಾಕ್ಷಿ.

ಆದರೆ ಬದಲಾವಣೆಯ ಹೋಲಿಕೆಯೊಂದೇ ಸಾಲದು. ಸಮೋವನ್ನಿನ ಫಿತು ಹವಾಯಿಯನ್‌ನಲ್ಲಿ ಹಿಕು ಆಗಿದೆ. ಕನ್ನಡದ 'ಪಾಲ್' ಕೂಡ 'ಹಾಲು' ಆಯಿತು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನಲ್ಲಿ ಆ ಸೀಮೆಯ ಹೆಸರು ಪಕಾರಾದಿಯಾದ 'ಪೆರ್ಬೊೞಲ್ ನಾಡು'. ಹವಾಯಿಗೂ ಹೆಬ್ಬಾಳಕ್ಕೂ ನಂಟಿಲ್ಲ. ಒಂದೇ ಬಗೆಯ ಧ್ವನಿಪಲ್ಲಟ ಎರಡೆಡೆ ಸ್ವತಂತ್ರವಾಗಿ ಸಂಭವಿಸಬಲ್ಲುದು.

ಇದೇ ಎಚ್ಚರ ನಮ್ಮ ನೆರೆಭಾಷೆಗಳ ವಿಷಯದಲ್ಲೂ ಅಗತ್ಯ. ಉತ್ತರ ಬೆಂಗಳೂರಿನ ಬಾಗಲಗುಂಟೆ ಎಂಬ ಹೆಸರಿನಲ್ಲಿ ಕೇಳಿಬರುವ 'ಬಾಗಲು' ಎಂಬ ಶಬ್ದವನ್ನೇ ನೋಡಬಹುದು: ತಮಿಳಿನಲ್ಲಿ ವಾಯಿಲ್, ತೆಲುಗಿನಲ್ಲಿ ವಾಕಿಲಿ, ತುಳುವಿನಲ್ಲಿ ಬಾಕಿಲ್. ಪದಾದಿಯ ವಕಾರ ಬಕಾರವಾಗುವುದು ಕನ್ನಡ, ತುಳು, ಕೊಡವಗಳಲ್ಲಿ ಸಮಾನ. ಹಾಗಿದ್ದರೂ ಭದ್ರಿರಾಜು ಕೃಷ್ಣಮೂರ್ತಿಯವರು 2003ರ ತಮ್ಮ ದ್ರಾವಿಡ ಭಾಷಾ ಗ್ರಂಥದಲ್ಲಿ ಈ ಮೂರನ್ನೂ ಒಂದೇ ಕವಲಿಗೆ ಸೇರಿಸಿಲ್ಲ. ತುಳುವನ್ನು ದಕ್ಷಿಣ ದ್ರಾವಿಡದಿಂದ ಬಹು ಹಿಂದೆಯೇ ಕವಲೊಡೆದುದೆಂದೂ ಕೊಡವವನ್ನು ತಮಿಳಿನ ಕಡೆಯದೆಂದೂ ತೋರಿಸಿದ್ದಾರೆ. ನೀಲಗಿರಿಯ ಬಡಗ ಮಾತ್ರ ಕನ್ನಡದ ಜೊತೆಗಿದೆ. ಅಲ್ಲಿಯೂ 'ಹಾಲು' ಎಂಬ ರೂಪವೇ ಇದೆ.

ಆದ್ದರಿಂದ ಒಂದು ಲಕ್ಷಣವನ್ನು ಹಿಡಿದು ವರ್ಗೀಕರಿಸುವುದು ಸಾಧುವಲ್ಲ. ಪರಸ್ಪರ ಸ್ವತಂತ್ರವಾದ ಹಲವು ಸಮಾನ ನಾವೀನ್ಯಗಳು ಒಂದೇ ದಿಕ್ಕನ್ನು ತೋರಿದಾಗ ಮಾತ್ರ ಉಪವರ್ಗ ಸಿದ್ಧವಾಗುತ್ತದೆ. ನೆರೆಭಾಷೆಯನ್ನು ಉಪಭಾಷೆ ಎನ್ನುವ ಮುನ್ನ ಈ ಪರೀಕ್ಷೆಯನ್ನು ವಿದ್ಯಾರ್ಥಿಗಳ ಮುಂದಿಡುವುದು ಅಧ್ಯಾಪಕರ ಹೊಣೆ.