ಕೈಗೊಂದು ಕೌದಿ, ಕಾಲಿಗೊಂದು ಹೊಳೆದಂಡೆ

ದುಡಿಮೆ, ಮನೆ, ಮೊಬೈಲು ಇವುಗಳ ನಡುವೆ ನನಗಂತ ಒಂದು ತಾಸೂ ಉಳಿಯುವುದಿಲ್ಲ ಅಂತೀಯಲ್ಲ ತಂಗಿ? ತಾಸು ತಾನಾಗಿ ಉಳಿಯುವುದಿಲ್ಲ, ನಾವೇ ಉಳಿಸಿಕೊಳ್ಳಬೇಕು. ಕೃಷ್ಣೆಯ ದಂಡೆಯ ತಂಗಡಗಿಯಲ್ಲಿರುವವಳು ಅದಕ್ಕಾಗಿ ದೂರ ಹೋಗಬೇಕಿಲ್ಲ. ಮಧ್ಯಾಹ್ನ ಕೌದಿ ಹಿಡಿ, ಸಂಜೆ ಹೊಳೆದಂಡೆಯ ಕಡೆ ನಡೆ. ಕೌದಿಗೆ ಬಣ್ಣ ಗುರುತಿಸುವ ಕಣ್ಣು ಬೇಕು, ಅದನ್ನು ನಡಿಗೆ ಕೊಡುತ್ತದೆ. ನಡಿಗೆಗೆ ನಿಂತು ನೋಡುವ ತಾಳ್ಮೆ ಬೇಕು, ಅದನ್ನು ಸೂಜಿ ಕೊಡುತ್ತದೆ. ಅದಕ್ಕೇ ಎರಡನ್ನೂ ಕೂಡಿಸಿ ಹೇಳುತ್ತಿದ್ದೇನೆ.

ಮೊದಲ ಸಲಕ್ಕೇ ದೊಡ್ಡ ಹಾಸಿಗೆ ಕೌದಿಗೆ ಕೈ ಹಾಕಬೇಡ. ತೊಟ್ಟಿಲ ಕೂಸಿಗಾಗುವಷ್ಟು, 3 ಅಡಿ ಉದ್ದ, 2 ಅಡಿ ಅಗಲದ್ದು ಸಾಕು. ಟ್ರಂಕಿನಲ್ಲಿ ಮಡಿಚಿಟ್ಟ ಹಳೆಯ ಅರಿವೆ ತೆಗೆ. ಅವ್ವನ ನೂಲಿನ ಸೀರೆ, ಅಪ್ಪನ ಧೋತರ, ಸವೆದ ಖಣದ ಕುಬಸ ಎಲ್ಲ ನಡೆಯುತ್ತವೆ. ಪಾಲಿಸ್ಟರ್ ಮಾತ್ರ ಬೇಡ. ಅದು ಬೆವರು ಹೀರುವುದಿಲ್ಲ, ಸೂಜಿಯ ಕೆಳಗೂ ಜಾರುತ್ತದೆ. ಎಲ್ಲವನ್ನೂ ಒಗೆದು ಒಣಗಿಸು. ಕೆಳಗೆ ಇಡಿಯ ಸೀರೆಯ ತುಂಡು ಹಾಸಿ, ನಡುವೆ ಧೋತರದ ಪದರ ಇಟ್ಟು, ಮೇಲೆ ಬಣ್ಣದ ತ್ಯಾಪಿಗಳನ್ನು ಹೊಂದಿಸು. ಪದರು ಸರಿಯದಂತೆ ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕು. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತ ಸುತ್ತುತ್ತ ಒಳಕ್ಕೆ ಬಾ. ಒಂದು ಸಾಲಿಗೂ ಇನ್ನೊಂದಕ್ಕೂ ಬೆರಳಗಲ ಅಂತರವಿರಲಿ. ಇಳಕಲ್ ಸೀರೆಯ ದಡಿ ಗಟ್ಟಿ ಇರುತ್ತದೆ, ಅದನ್ನು ಕೌದಿಯ ಅಂಚಿಗೇ ಮೀಸಲಿಡು. ಮೈ ಸವೆದು ಹೋದ ಸೀರೆಯಲ್ಲೂ ದಡಿ ಉಳಿದಿರುತ್ತದೆ. ಪದರು ಹೆಚ್ಚು ಮಾಡಬೇಡ. ನೆನೆದ ಕೌದಿ ಎತ್ತಿ ಹಿಂಡುವುದು ಹುಡುಗಾಟವಲ್ಲ.

ಊರೂರು ತಿರುಗಿ ಕೌದಿ ಹೊಲಿದುಕೊಡುವ ಗೊಂಧಳಿ ಹೆಣ್ಣುಮಕ್ಕಳು ಸಿಕ್ಕರೆ ಪಕ್ಕದಲ್ಲಿ ಕೂತು ಅವರ ಕೈ ನೋಡು. ಅಳತೆ ಪಟ್ಟಿ ಇಲ್ಲದೆ ಸಾಲು ನೆಟ್ಟಗೆ ಬರುತ್ತದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರೂ ಕೌದಿ ಹೊಲಿಯುತ್ತಾರೆ. ಮೂಲೆಗಳಿಗೆ ಹೂವೆಂದು ತ್ರಿಕೋನದ ತುಂಡು ಕೂಡಿಸದೆ ಅವರ ಕೌದಿ ಪೂರ್ತಿಯಾಗುವುದಿಲ್ಲ. ಇದು ಬಡವರ ಹೊದಿಕೆ, ಕೀಳು ಕೆಲಸ ಅಂತ ಯಾರಾದರೂ ಅಂದರೆ ಎದೆಗುಂದಬೇಡ. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು; ಹೊಲಿಯುವುದೇ ಅವರ ಕಾಯಕ, ವಚನವನ್ನೂ ಬರೆದರು. ಅರಮನೆ ಬಿಟ್ಟು ಬಂದ ಬೊಂತಾದೇವಿಗೆ ಕೌದಿಯಿಂದಲೇ ಆ ಹೆಸರು ಬಂತೆಂದು ಹೇಳುತ್ತಾರೆ. ಅಂಥವರ ಬಳಗದ ಶರಣೆ ನೀಲಮ್ಮ ಐಕ್ಯಳಾದದ್ದು ನಮ್ಮ ಹೊಳೆದಂಡೆಯಲ್ಲೇ.

ನಡಿಗೆಗೂ ಅದೇ ದಾರಿ ಹಿಡಿ. ಶರಣ ಹಡಪದ ಅಪ್ಪಣ್ಣನವರ ಮಠದ ಕಡೆಯಿಂದ ನೀಲಮ್ಮನ ಐಕ್ಯಸ್ಥಳದ ಕಡೆಗೆ ಹೋಗು, ಆದರೆ ಕೈಮುಗಿದು ತಿರುಗಿ ಬಂದುಬಿಡಬೇಡ. ಹೋಗುವಾಗ ಬರುವಾಗ ಒಂದೊಂದನ್ನೇ ಗುರುತು ಹಿಡಿ. ಜಾಲಿಯ ಟೊಂಗೆಯಲ್ಲಿ ಗೀಜಗ ಹುಲ್ಲೆಳೆ ಹೆಣೆಯುತ್ತದೆ. ಎಲೆಯ ಅಂಚಿಗೆ ತೂತು ಹಾಕಿ, ನಾರು ತೂರಿಸಿ ಗೂಡು ಹೊಲಿಯುವ ಸಿಂಪಿಗ ಹಕ್ಕಿಯನ್ನು ಪೊದೆಯಲ್ಲಿ ಹುಡುಕು. ನಿನ್ನ ಕಸುಬಿನದೇ ಹಕ್ಕಿ ಅದು. ತಂಗಡಿ ಹೂವಿನ ಹಳದಿ, ಎರೆಹೊಲದ ಕಪ್ಪು, ತೆನೆ ಬಲಿತ ಬಿಳಿಜೋಳದ ಬಣ್ಣ ಮೂರನ್ನೂ ಕಣ್ಣಲ್ಲಿ ತುಂಬಿಕೋ. ಮರುದಿನ ಯಾವ ತ್ಯಾಪಿಯ ಪಕ್ಕ ಯಾವುದು ಕೂರಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ಕೃಷ್ಣೆಯ ಹಿನ್ನೀರಿಗೆ ಬರುತ್ತವೆ. ಅಷ್ಟು ದೂರದಿಂದ ಹಕ್ಕಿ ನೋಡಲು ಬರುವ ನೀರು ನಮ್ಮ ಮನೆಯ ಹತ್ತಿರವೇ ಇದೆ, ನಾವು ನೋಡದಿದ್ದರೆ ಹೇಗೆ?

ಒಂದು ಎಚ್ಚರ. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ. ಎರಡು ಆಣೆಕಟ್ಟಿನ ನಡುವೆ ನಾವಿದ್ದೇವೆ. ನಮ್ಮ ಊರಲ್ಲಿ ಹನಿ ಬೀಳದಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾದರೆ ಆಲಮಟ್ಟಿಯಿಂದ ನೀರು ಬಿಡುತ್ತಾರೆ, ಹೊಳೆ ಏರುತ್ತದೆ. ಮಳೆಗಾಲದಲ್ಲಿ ದಂಡೆಗಿಳಿಯದೆ ಹೊಲದ ಬದುವಿನ ಮೇಲೆ ನಡೆ. ಮೊಸಳೆ ಇರುವ ಹೊಳೆ, ಯಾವ ಕಾಲಕ್ಕೂ ನೀರಿನ ಅಂಚಿಗೆ ಒಬ್ಬಳೇ ಕೂರಬೇಡ. ಕತ್ತಲಾಗುವ ಮುಂಚೆ ಮನೆ ಸೇರು.

ಹೊಲಿದ ಕೌದಿಯನ್ನು ಎಷ್ಟಕ್ಕೆ ಮಾರುತ್ತೀ ಎಂದು ಯಾರೋ ಕೇಳುತ್ತಾರೆ, ಎಷ್ಟು ಹೆಜ್ಜೆ ನಡೆದೆ ಎಂದು ಮೊಬೈಲು ಲೆಕ್ಕ ಹೇಳುತ್ತದೆ. ಎರಡಕ್ಕೂ ಕಿವಿಗೊಡಬೇಡ. ದುಡ್ಡಿಗೆ ದುಡಿಯಲು ದಿನದ ಉಳಿದ ತಾಸುಗಳಿವೆ. ಈ ತಾಸು ನಿನ್ನ ಸಂತೋಷಕ್ಕಿರಲಿ. ಹೊಲಿಗೆ ಸೊಟ್ಟಗಾದರೂ ಬಿಚ್ಚದೆ ಮುಂದೆ ಹೋಗು. ಮೊದಲ ಕೌದಿಯನ್ನು ಸ್ವಂತದವರ ಕೂಸಿಗೆ ಕೊಡು. ಎರಡನೆಯದಕ್ಕೆ ಕೂತಾಗ ಓಣಿಯ ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಸೂಜಿಗೆ ದಾರ ಪೋಣಿಸಲು ಹೇಳು. ನಾವು ಕಲಿತದ್ದೂ ಹೀಗೆಯೇ, ಇದು ಉಳಿಯುವುದೂ ಹೀಗೆಯೇ.