ಕುದಿಸಿದರೂ ಹೋಗದ ವಿಷ

ಪ್ರಶ್ನೆ: ಸೊಸೆ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಟೈಲರ್. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಕಟ್ಟಿಕೊಂಡು ಹೋಗುತ್ತಾಳೆ. ಈ ಬೇಸಿಗೆಯಲ್ಲಿ ಎರಡು ಸಲ, ಊಟವಾದ ಎರಡೇ ಗಂಟೆಗೆ ವಾಂತಿಯಾಯಿತು. ಅನ್ನ ಹಳಸಿರಲಿಲ್ಲ ಅನ್ನುತ್ತಾಳೆ. ಯಾಕೆ ಹೀಗೆ, ಡಾಕ್ಟ್ರೇ?

ಉತ್ತರ: ಹಳಸಿದ ವಾಸನೆ ಬರುವ ಮೊದಲೇ ಅನ್ನ ಕೆಟ್ಟಿರಬಹುದು. ಅಕ್ಕಿಯಲ್ಲಿ ‘ಬ್ಯಾಸಿಲಸ್ ಸಿರಿಯಸ್’ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುವುದು ಸಾಮಾನ್ಯ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಸೆಕೆಯ ರಾತ್ರಿಯಲ್ಲಿ ಪಾತ್ರೆಯೊಳಗಿನ ಅನ್ನ ಬೆಚ್ಚಗೇ ಉಳಿಯುತ್ತದೆ. ಬೀಜಕಣಗಳು ಮೊಳೆತು, ವಾಂತಿ ತರಿಸುವ ವಿಷ ಬಿಡುತ್ತವೆ. ಬೆಳಗಿನ ಒಗ್ಗರಣೆ ಬ್ಯಾಕ್ಟೀರಿಯಾವನ್ನು ಕೊಂದೀತು, ವಿಷವನ್ನಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿಯಾಗುವುದು ಇದರ ಲಕ್ಷಣ.

ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಮುಂಜಾನೆ ಮನೆ ಬಿಡುವ ಹೆಣ್ಣುಮಗಳಿಗೆ ಅದನ್ನು ಪಾಲಿಸುವುದು ಕಷ್ಟ. ತಂಗಳನ್ನದ ಚಿತ್ರಾನ್ನವನ್ನಾದರೂ ಬಿಡಲಿ. ಚಪಾತಿ, ಚಟ್ನಿಪುಡಿಯಂಥ ಒಣ ಬುತ್ತಿ ವಾಸಿ. ಎಲ್ಲ ಹೊಣೆಯನ್ನೂ ಅವಳ ಡಬ್ಬಿಯ ಮೇಲೆ ಹೊರಿಸುವುದೂ ತಪ್ಪು. 150ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಬುತ್ತಿ ಉಣ್ಣಲು ಕೋಣೆ, ಕುಡಿಯುವ ನೀರು ಇರಬೇಕೆಂದು ಕಾರ್ಖಾನೆ ಕಾಯ್ದೆ 1948ರಲ್ಲೇ ಹೇಳಿತ್ತು. ಬಿಸಿಗಾಳಿಯನ್ನು ತಮಿಳುನಾಡು ಸರ್ಕಾರ 2024ರ ಅಕ್ಟೋಬರಿನಲ್ಲಿ ರಾಜ್ಯ ವಿಪತ್ತೆಂದು ಘೋಷಿಸಿದೆ. ಹಾಗಿರುವಾಗ ಆ ಕೋಣೆಯಲ್ಲೊಂದು ಫ್ರಿಜ್ ಕೇಳುವುದು ದುರಾಸೆಯಲ್ಲ.

ಪ್ರಶ್ನೆ: ಉಡುಮಲೈ ಹತ್ತಿರ ನಮ್ಮದು ಎರಡು ಹಸು. ಬೂಷ್ಟು ಹಿಡಿದ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿಯನ್ನು ಎಸೆಯಲು ಮನಸ್ಸು ಬಾರದೆ ಅವಕ್ಕೇ ಹಾಕುತ್ತೇವೆ. ಹಾಲು ಹೇಗೂ ಕಾಯಿಸುತ್ತೇವಲ್ಲ?

ಉತ್ತರ: ದಯವಿಟ್ಟು ಹಾಕಬೇಡಿ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವಂಥದ್ದು. ಹಸು ತಿಂದರೆ ಅದರ ಒಂದಂಶ ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೆ ಹೋಗುವುದಿಲ್ಲ. ಮೊಸರು ಮಾಡಿದರೂ ಪೂರ್ತಿ ಹೋಗುವುದಿಲ್ಲ.

ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಪ್ರಕಟಿಸಿದ ಹಾಲಿನ ಸಮೀಕ್ಷೆಯಲ್ಲಿ ಮಿತಿ ಮೀರಿದ ಅಫ್ಲಾಟಾಕ್ಸಿನ್ ಅತಿ ಹೆಚ್ಚು ಮಾದರಿಗಳಲ್ಲಿ ಸಿಕ್ಕಿದ್ದು ತಮಿಳುನಾಡಿನಲ್ಲೇ: 551 ಮಾದರಿಗಳಲ್ಲಿ 88. ಹಾಲಿಗೆ ಯಾರೋ ಬೆರೆಸಿದ್ದಲ್ಲ, ಮೇವಿನಿಂದ ಬಂದದ್ದು.

ಇದಕ್ಕೂ ಹವಾಮಾನಕ್ಕೂ ನಂಟು ನೇರವಾಗಿದೆ. ಮಳೆ ಕೈಕೊಟ್ಟು ಗಿಡ ಬಾಡಿದಾಗ ಕಾಯಿ, ಕಾಳು ಬಿರುಕು ಬಿಟ್ಟು ಶಿಲೀಂಧ್ರ ಒಳಸೇರುತ್ತದೆ. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಸುರಿದರೆ ಕಣದಲ್ಲೇ ಹಬ್ಬುತ್ತದೆ. 2016ರಲ್ಲಿ ತಮಿಳುನಾಡಿಗೆ ಹಿಂಗಾರು ಶೇ. 62ರಷ್ಟು ಕೊರತೆಯಾಗಿತ್ತು. ಇಂಥ ಬರಗಳು ಪದೇ ಪದೇ ಬಂದಷ್ಟೂ ಈ ವಿಷಕ್ಕೆ ದಾರಿ ಸಲೀಸು. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನೇ ಜನ ತಿಂದರು. ಹಸಿವಿಗೆ ಬೇರೆ ದಾರಿಯಿರಲಿಲ್ಲ. 397 ಮಂದಿಗೆ ಕಾಮಾಲೆಯ ಕಾಯಿಲೆ ತಗುಲಿತು, 106 ಮಂದಿ ಸತ್ತರು.

ಮೆಕ್ಕೆಜೋಳವನ್ನು ನೆಲಕ್ಕೆ ಹರವದೆ ಟಾರ್ಪಾಲಿನ ಮೇಲೆ ಒಣಗಿಸಿ. ತೇವ ಶೇ. 13ಕ್ಕೆ ಇಳಿಯುವವರೆಗೆ ಚೀಲಕ್ಕೆ ತುಂಬಬೇಡಿ, ಚೀಲವನ್ನು ಹಲಗೆಯ ಮೇಲಿಡಿ. ಮೇವು ಬದಲಿಸಿದ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.

ಪ್ರಶ್ನೆ: ಮಗಳಿಗೆ ರಕ್ತಹೀನತೆ. ಅತ್ತೆಯವರು ಜೋಳ, ಸಜ್ಜೆ ತಿನ್ನಿಸು ಅನ್ನುತ್ತಾರೆ. ಹೌದೇ? (ಕೊಯಮತ್ತೂರು)

ಉತ್ತರ: ಅತ್ತೆಯವರ ಮಾತಿನಲ್ಲಿ ಹುರುಳಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಅಕ್ಕಿಯಲ್ಲಿ ಕಬ್ಬಿಣ ಸುಮಾರು ಶೇ. 5ರಷ್ಟು, ಪ್ರೋಟೀನ್ ಸುಮಾರು ಶೇ. 8ರಷ್ಟು ತಗ್ಗುತ್ತದೆಂದು 2014ರ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿದೆ. ಈ ಶತಮಾನದ ಮಧ್ಯಭಾಗಕ್ಕೆ ನಿರೀಕ್ಷಿಸಿರುವ ಪ್ರಮಾಣವನ್ನಿಟ್ಟುಕೊಂಡು ಮಾಡಿದ ಪ್ರಯೋಗವದು. ಜೋಳಕ್ಕೆ ಈ ಪೆಟ್ಟು ಕಡಿಮೆ. ನಿಮ್ಮ ಕೊಂಗುನಾಡಿನ ಹೊಲಗಳಿಗೆ ಜೋಳವೂ ಸಜ್ಜೆಯೂ ಹಳೆಯ ಪರಿಚಯ. ನೀರೂ ಕಡಿಮೆ ಸಾಕು. ರೊಟ್ಟಿ, ಅಂಬಲಿ ಮಾಡಿಕೊಡಿ, ಜೊತೆಗೆ ಸೊಪ್ಪು, ನಿಂಬೆಹಣ್ಣು ಇರಲಿ.

ಆದರೆ ಧಾನ್ಯ ಬದಲಿಸಿ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಎಷ್ಟಿದೆಯೆಂದು ಮತ್ತೆ ನೋಡಿಸಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಪರೀಕ್ಷೆಗೆ ಹಣ ಕೊಡಬೇಕಿಲ್ಲ.